ಗೋಡೌನ್ ಗಲ್ಲಿಯ ಮೆಂಬರಕ್ಕ

ಮೊನ್ನೆ ಸಂಜೆ ತರೀಕೆರೆಯ ನಮ್ಮ ಮನೆಯಲ್ಲಿ ಸಬ್ಬಸಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಫೋನಿಗೆ ನಮ್ಮ ವಾರ್ಡಿನ ಪುರಸಭಾ ಸದಸ್ಯರ ಮೆಸೇಜು ಬಂತು: ನಾಳೆಯಿಂದ ಶಾಲೆ, ಗಾಡಿ ನಿಧಾನವಾಗಿ ಓಡಿಸಿ, ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ. ಓದಿ ಫೋನು ಪಕ್ಕಕ್ಕಿಟ್ಟೆ. ಬೆರಳಿಗಂಟಿದ ಸೊಪ್ಪಿನ ಘಮ ಮೂಗಿಗೆ ಬಡಿಯಿತು ನೋಡಿ... ಕಡೂರಿನ ಮೆಂಬರಕ್ಕ ಎದುರಿಗೆ ಬಂದು ಕೂತಂತಾಯಿತು.

ಆಕೆ ನನ್ನ ತವರು ಕಡೂರಿನಲ್ಲಿ, ಸ್ಟೇಷನ್ನಿನ ಹಿಂದಿದ್ದ ನಮ್ಮ ವಾರ್ಡಿನಿಂದ ಪುರಸಭೆಗೆ ಗೆದ್ದವರು. ದಪ್ಪ ದೇಹ, ಹಣೆ ತುಂಬ ವಿಭೂತಿ, ದೊಡ್ಡ ಗಂಟಲು. ವಾಟ್ಸಾಪ್ ಇಲ್ಲದ ಕಾಲ. ಶಾಲೆ ಶುರುವಾಗುವ ವಾರ ಮನೆಮನೆಗೂ ಬಂದು ಹೊಸಿಲ ಬಳಿ ನಿಂತೇ ಎಲ್ಲ ಕೇಳುತ್ತಿದ್ದರು, ಹೇಳುತ್ತಿದ್ದರು. ಪುಸ್ತಕ ಬಂದ್ವಾ, ಯೂನಿಫಾರಂ ಹೊಲಿಸಿದ್ರಾ, ರೈಲ್ವೆ ಗೇಟ್ ಹಾಕಿದ್ರೆ ಕೆಳಗೆ ನುಸೀಬೇಡಿ, ಚರಂಡಿ ಕಲ್ಲು ಎದ್ದದೆ ಹುಷಾರು... ಮೆಂಬರಕ್ಕ ಬಂದರೆಂದರೆ ರಜೆ ಮುಗಿಯಿತೆಂದೇ ಲೆಕ್ಕ. ನಾವು ಹುಡುಗಿಯರು ಆಕೆಯ ದನಿ ಅಣಕಿಸಿ ನಗುತ್ತಿದ್ದೆವು.

ನಾನು ಎಂಟನೇ ಕ್ಲಾಸಿಗೆ ಸೇರಿದ ವರ್ಷ ಆಕೆ ಬರುವುದು ತಡವಾಯಿತು. ಅಷ್ಟರಲ್ಲಿ ನನ್ನ ಶಾಲೆ ನಿಂತುಹೋಗಿತ್ತು.

ಹೈಸ್ಕೂಲಿಗೆ ಹೋಗಲು ಹಳೇ ಕೊಬ್ಬರಿ ಗೋಡೌನಿನ ಪಕ್ಕದ ಗಲ್ಲಿಯೇ ದಾರಿ. ಎರಡೂ ಕಡೆ ಗೋಡೆ, ಒಂದು ಮನೆಯಿಲ್ಲ. ಅಲ್ಲಿ ಒಬ್ಬ ಬೈಕು ಅಡ್ಡ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮೊದಮೊದಲು ಹೆಸರು ಕೇಳುತ್ತಿದ್ದವನು ಒಂದು ದಿನ ಕೈ ಹಿಡಿದೆಳೆದ. ಬಿಡಿಸಿಕೊಂಡು ಓಡಿಬಂದು ಅವ್ವನಿಗೆ ಹೇಳಿದೆ, ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ, "ಓದಿದ್ದು ಸಾಕು, ಮನೇಲಿರ್ಲಿ," ಅಂದುಬಿಟ್ಟ.

ಮೆಂಬರಕ್ಕ ಬಂದಾಗ ನಾನು ಪಾತ್ರೆ ತೊಳೆಯುತ್ತಿದ್ದೆ.

"ಯಾಕೇ ಪುಟ್ಟಿ, ಇಸ್ಕೂಲಿಗೆ ಹೋಗ್ಲಿಲ್ವೇನೇ?"

ಅವ್ವ ದನಿ ತಗ್ಗಿಸಿ ಎಲ್ಲ ಹೇಳಿದಳು. ಆಕೆ ಅಪ್ಪನ ಕಡೆ ತಿರುಗಿದರು.

"ಹೆದ್ರಿಸ್ದೋನು ಬೀದೀಲಿ ತಿರುಗ್ಲಿ, ಹೆದ್ರಿದ್ ಮಗ ಮನೇಲಿ ಕೂತ್ಕಳ್ಲಿ... ಇದ್ಯಾವ ನ್ಯಾಯ ಕಣಣ್ಣಾ?"

"ನೀನೇನೋ ಹೇಳ್ತೀಯ ತಾಯಿ. ನಾಳೆ ಹೆಚ್ಚುಕಮ್ಮಿ ಆದ್ರೆ ಯಾರ್ ಜವಾಬ್ದಾರಿ?" ಅಪ್ಪ ಕೇಳಿದ.

"ನಾನು ಕಣಣ್ಣಾ. ನಂಗೆ ಓಟ್ ಹಾಕಿದ್ದು ಇನ್ಯಾತಕ್ಕೆ?"

ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಹೊರಟೆ. ಗಲ್ಲಿಯ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಆಕೆ ಸಬ್ಬಸಿಗೆ ಸೊಪ್ಪು ಬಿಡಿಸುತ್ತಿದ್ದರು. ಬೈಕಿನವನೂ ಬಂದ.

"ಏನಪ್ಪಾ, ಯಾರ ಮನೆಗೆ?" ಆಕೆ ತಲೆ ಎತ್ತಲಿಲ್ಲ. "ನಿಮ್ಮಪ್ಪನ ಹೆಸರೇಳು, ಇಲ್ಲಿಗೇ ಕರೆಸ್ತೀನಿ. ಎಲ್ರೂ ಕೂತ್ಕಂಡ್ ಮಾತಾಡನ."

ಅವನು ಗಾಡಿ ತಿರುಗಿಸಿದ. ಮತ್ತೆ ಅವನನ್ನು ಆ ಕಡೆ ಕಂಡ ನೆನಪಿಲ್ಲ.

ಆದರೂ ಆಕೆ ಕುರ್ಚಿ ಎತ್ತಲಿಲ್ಲ. ಶಾಲೆಗೆ ಹೋಗುವ ಹೊತ್ತಿಗೆ, ಬಿಡುವ ಹೊತ್ತಿಗೆ ಅಲ್ಲೇ. ಸಹಿ ಬೇಕಾದವರು, ನಲ್ಲಿ ನೀರಿನ ಜಗಳದವರು ಗಲ್ಲಿಗೇ ಬರತೊಡಗಿದರು. ಜನ ಸೇರುತ್ತಾರೆಂದು ಒಬ್ಬ ಟೀ ಅಂಗಡಿಯನ್ನೂ ಇಟ್ಟ. ಮುಂದಿನ ಚುನಾವಣೆಗೆ ವಾರ್ಡಿನ ಮೀಸಲಾತಿ ಬದಲಾಗಿ ಆಕೆಗೆ ನಿಲ್ಲಲಾಗಲಿಲ್ಲ. ಮೆಂಬರ್‌ಗಿರಿ ಹೋಯಿತು, ಹೆಸರೂ ಕುರ್ಚಿಯೂ ಉಳಿದವು. ಹತ್ತನೇ ಕ್ಲಾಸಿನ ಕೊನೆಯ ಪರೀಕ್ಷೆ ಮುಗಿಸಿ ಬಂದಾಗ, "ಇನ್ ನಿನ್ನ ಕಾಯೋ ಕೆಲ್ಸ ಇಲ್ಲ ಕಣೇ," ಎಂದು ನನ್ನ ಕೆನ್ನೆ ಹಿಂಡಿದರು. ಕಣ್ಣು ಮಾತ್ರ ಬೇರೆ ಕಡೆ ತಿರುಗಿಸಿಕೊಂಡಿದ್ದರು...

ಈ ಬೇಸಿಗೆಯಲ್ಲಿ ಆಕೆ ಲಿಂಗೈಕ್ಯರಾದರು. ನನಗೆ ಸುದ್ದಿ ತಡವಾಗಿ ಬಂತು, ಮುಖ ನೋಡಲಾಗಲಿಲ್ಲ. ಆಕೆಯ ಮಗಳನ್ನಾದರೂ ಮಾತಾಡಿಸೋಣವೆಂದು ನಿನ್ನೆ ಬೆಳಗಿನ ರೈಲಿಗೆ ಕಡೂರಿಗೆ ಹೋದೆ. ಮನೆಗೆ ಹೋಗುವ ಮುಂಚೆ ಕಾಲು ತಾನಾಗಿ ಆ ಗಲ್ಲಿಗೆ ಎಳೆಯಿತು. ಗೋಡೌನ್ ಇಲ್ಲ, ಸಾಲು ಮನೆಗಳಿವೆ. ಹೊಸ ಯೂನಿಫಾರಂ ತೊಟ್ಟ ಹುಡುಗಿಯರ ಗುಂಪೊಂದು ಎದುರಿಗೆ ಬಂತು. ಇಲ್ಲೊಬ್ಬರು ಕೂತಿರುತ್ತಿದ್ದರು ಎಂದು ಅವರಿಗೆ ಹೇಳಬೇಕೆನಿಸಿತು. ಬಾಯಿ ತೆರೆಯುವಷ್ಟರಲ್ಲಿ ಒಬ್ಬಳು, "ಆಂಟಿ, ಸ್ವಲ್ಪ ಜಾಗ ಬಿಡಿ, ಬೆಲ್ ಹೊಡೆದ್ಬಿಡ್ತಾರೆ," ಅಂದಳು.

ಪಕ್ಕಕ್ಕೆ ಸರಿದೆ. ನಗುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ ಅವರು ಹೋದರು. ಯಾರೂ ಹಿಂತಿರುಗಿ ನೋಡಲಿಲ್ಲ... ನೋಡಬೇಕಾದ ಭಯ ಅವರಿಗಿರಲಿಲ್ಲ.