ಮಾವನವರು ಬರೆದುಕೊಟ್ಟ ಹೊಟ್ಟೆಯ ಮಹಜರು

ಶಿಕಾರಿಪುರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ವಯಸ್ಸಾದವರು ಬಂದರೆ, "ಸಂಡಾಸ್ ಸರಿಯಾಗಿ ಆಗುತ್ತಾ?" ಎಂದು ಕೇಳದೆ ಬಿಡುವವಳಲ್ಲ. ಎಷ್ಟೋ ಜನರನ್ನು ಕೇಳಿದ್ದೇನೆ, ಒಮ್ಮೆಯೂ ನಾಚಿದ್ದಿಲ್ಲ. ಆದರೆ ಜಡೆ ಊರಿನಿಂದ ಅತ್ತೆಯೊಂದಿಗೆ ನಮ್ಮ ಮನೆಗೆ ಬಂದಿದ್ದ ಮಾವನವರನ್ನು ಕೇಳಬೇಕಾದಾಗ ಮಾತ್ರ ನಾಲಿಗೆ ಹೊರಳಲಿಲ್ಲ.

ಅವರು ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಸೊಸೆಯೆದುರು ಬನಿಯನ್ನಿನಲ್ಲಿ ಕೂತವರಲ್ಲ. ಮೂರು ದಿನದಿಂದ ಅವರಿಗೆ ಭೇದಿ ಎಂದು ಅತ್ತೆ ಹೇಳಿದರು. ಮೆಂತ್ಯ-ಮೊಸರು, ದಾಳಿಂಬೆ ಸಿಪ್ಪೆಯ ಕಷಾಯ ಎಲ್ಲ ಆಗಿತ್ತು. ಇನ್ನು ಭೇದಿ ನಿಲ್ಲಿಸುವ ಮಾತ್ರೆ ತರಿಸುವುದೊಂದೇ ಬಾಕಿ.

"ತಡೀರಿ ಅತ್ತೆ" ಎಂದು ನಾನು ಮಾವನವರತ್ತ ತಿರುಗಿದೆ. "ಮಾವ, ಇದಕ್ಕೆ ಮುಂಚೆ ದಿನಾ ಹೊರಗಡೆ ಹೋಗ್ತಿದ್ರಾ?"

"ಹೂಂ, ದಿನಾ ಎರಡು ಸಲ."

"ಸಲೀಸಾಗಿ?"

"ಸಲೀಸು ಎಲ್ಲಿ ಬಂತು? ಬಸ್ ಸ್ಟ್ಯಾಂಡ್ ಮುಟ್ಟೋದ್ರೊಳಗೆ ಮೊಣಕಾಲು ಹಿಡ್ಕಳ್ತದೆ."

ನಾನು ಬಿಡಿಸಿ ಕೇಳಿದೆ. ಅವರ ಕಿವಿ ಕೆಂಪಾಯಿತು. "ಸೊಸೆ ಹತ್ರ ಇದನ್ನೆಲ್ಲ ಬಾಯಲ್ಲಿ ಹೇಳಕ್ಕಾಗಲ್ಲಮ್ಮ. ಬರೆದು ಕೊಡ್ತೀನಿ" ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡರು.

ಅರ್ಧ ಗಂಟೆಯ ಮೇಲೆ ಮಡಿಸಿದ ಹಾಳೆಯೊಂದು ಬಂತು. ಜೀವಮಾನವೆಲ್ಲ ಹೊಲಗದ್ದೆಗಳ ಮಹಜರು ಬರೆದ ಕೈ ಅದು.

"ಖುದ್ದು ಪರಿಶೀಲಿಸಲಾಗಿ, ಸೋಮವಾರಕ್ಕೆ ಮುಂಚಿನ ಎಂಟು ದಿವಸ ಸದರಿ ಕಾರ್ಯ ನಡೆದಿರುವುದಿಲ್ಲ. ಅದಕ್ಕೂ ಹಿಂದೆ ಕುರಿ ಹಿಕ್ಕೆಯ ಮಾದರಿ. ಸೋಮವಾರದಿಂದ ನೀರಿನಂತೆ, ಸ್ವಲ್ಪ ಸ್ವಲ್ಪ, ಕೆಲವೊಮ್ಮೆ ಅರ್ಜಿದಾರನ ಗಮನಕ್ಕೂ ಬಾರದೆ. ರಕ್ತ ಕಂಡುಬಂದಿರುವುದಿಲ್ಲ. ಕುಕ್ಕರುಗಾಲಲ್ಲಿ ಕೂತರೆ ಏಳಲಾಗದ ಕಾರಣ ನೀರು ಕುಡಿಯುವುದನ್ನು ಕಡಿಮೆ ಮಾಡಲಾಗಿದೆ. ಮೊಣಕಾಲು ನೋವಿಗೆ ಮಾತ್ರೆ, ದಿನಕ್ಕೆ ಎರಡು." ಕೆಳಗೆ ಸಹಿ.

ಇಷ್ಟು ಅಚ್ಚುಕಟ್ಟಾದ ವಿವರವನ್ನು ಯಾವ ರೋಗಿಯೂ ನನಗೆ ಕೊಟ್ಟಿರಲಿಲ್ಲ. ನಗು ಬಾರದಂತೆ ತುಟಿ ಕಚ್ಚಿಕೊಂಡು ಓದುತ್ತಿದ್ದವಳು ಆ ಎಂಟು ದಿವಸದ ಲೆಕ್ಕವನ್ನು ಮತ್ತೊಮ್ಮೆ ಓದಿದೆ. ಇದು ಭೇದಿಯಾಗಿರಲಿಕ್ಕಿಲ್ಲ. ಮಲ ಒಳಗೆ ಗಟ್ಟಿಯಾಗಿ ಕಟ್ಟಿಕೊಂಡು, ಪಕ್ಕದಿಂದ ನೀರು ಸೋರುತ್ತಿರಬೇಕು. ನಿಲ್ಲಿಸುವ ಮಾತ್ರೆ ನುಂಗಿಸಿದ್ದರೆ ಇನ್ನಷ್ಟು ಬಿಗಿಯುತ್ತಿತ್ತು.

ಕೂಡಲೇ ಆಟೋ ಹತ್ತಿಸಿದೆ. ಡಾಕ್ಟರು ಪರೀಕ್ಷಿಸಿ ಹೌದೆಂದರು. ಎನಿಮಾ ಕೊಡಿಸಿದರು. ಆ ನೋವಿನ ಮಾತ್ರೆಯೇ ಮಲ ಕಟ್ಟಿಸುವಂಥದ್ದೆಂದು ಅದನ್ನೂ ಬದಲಿಸಿದರು. ಸಂಜೆ ಮಾವನವರು ಎರಡು ಲೋಟ ಮಜ್ಜಿಗೆ ಕುಡಿದು, "ಅಬ್ಬಾ, ಈಗ ಪ್ಯಾಟೆ ಸುತ್ತಿ ಬರಬಹುದು" ಎಂದರು. ಮರುವಾರವೇ ಮನೆಗೆ ಕುರ್ಚಿಯಂಥ ಕಮೋಡು ಹಾಕಿಸಿದೆವು.

ಅದಾದ ಮೇಲೊಂದು ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು, ಸುಮ್ಮನೆ ಡಬ್ಬಿಗಳನ್ನು ಅತ್ತಿತ್ತ ಸರಿಸುತ್ತ ನಿಂತರು.

"ಏನತ್ತೆ?"

"ನಂದೂ ಒಂದದೆ ಕಣೆ, ಅದೇ ತೊಂದರೆ."

"ಎಷ್ಟು ದಿನದಿಂದ?"

"ನಿನ್ನ ಗಂಡ ಹುಟ್ಟಿದಾಗಿಂದ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ನಾನು ಗ್ಯಾಸ್ ಆರಿಸಿ, ಅವರಿಗೊಂದು ಸ್ಟೂಲು ಎಳೆದು ಕೊಟ್ಟೆ.