ನೀಲಿ ಡಬ್ಬದ ಚೀಟಿ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ನಮಗೆ ಆಗ ಗಡಿಯಾರ ಬೇಕಿರಲಿಲ್ಲ. ಬೆಳಗಿನ ಸೈರನ್ನಿಗೆ ಏಳುವುದು, ಮಧ್ಯಾಹ್ನದ ಸೈರನ್ನಿಗೆ ಫಸ್ಟ್ ಶಿಫ್ಟ್ ಮುಗಿಸಿದ ಅಪ್ಪಂದಿರ ಸೈಕಲ್ಲುಗಳನ್ನು ಕಾಯುವುದು. ನಮ್ಮಪ್ಪ ಎರಕದ ವಿಭಾಗದಲ್ಲಿ ಅಚ್ಚು ಕಟ್ಟುತ್ತಿದ್ದರು. ಅವರ ಅಂಗಿಗೆ ಸುಟ್ಟ ಮಣ್ಣಿನ ವಾಸನೆ. ಮನೆಯಲ್ಲಿ ಆರೂವರೆಗೆ ಪ್ರಾರ್ಥನೆ, ಏಳಕ್ಕೆ ಊಟ. ಆ ಶಿಸ್ತು ಮುಂದೆ ಶಿವಮೊಗ್ಗದಲ್ಲಿ ಮೂವತ್ತು ವರ್ಷ ನರ್ಸ್ ಕೆಲಸದಲ್ಲಿ ನನ್ನ ಕೈ ಹಿಡಿಯಿತು. ಅದೇ ಮನೆಯಲ್ಲಿ ಕಲಿತ ಇನ್ನೊಂದನ್ನು ಮಾತ್ರ ನಾನು ಒಂಬತ್ತನೆಯ ವಯಸ್ಸಿಗೇ ಕಳೆದುಕೊಂಡೆ.

ಅಪ್ಪನ ಮನೆಮಾತು ತಮಿಳು. ಆದರೆ ಚರ್ಚಿನಲ್ಲಿ ಕನ್ನಡದ ಸತ್ಯವೇದವನ್ನು ಅವರಷ್ಟು ಚೆನ್ನಾಗಿ ಓದುವವರು ಇರಲಿಲ್ಲ. ಎರಡು ತಿಂಗಳಿಗೊಮ್ಮೆ ಅವರ ಸರದಿ ಬರುತ್ತಿತ್ತು. ಪುಸ್ತಕ ತೆರೆದಿಟ್ಟು, ಅದರ ಕಡೆ ಹೆಚ್ಚು ನೋಡದೆ, ಜನರನ್ನೇ ನೋಡುತ್ತಾ ಓದುತ್ತಿದ್ದರು. ನನಗೆ ಬಹಳ ಹೆಮ್ಮೆ.

ಆ ಬೇಸಿಗೆ ಅಮ್ಮ ಹೆರಿಗೆಗೆಂದು ಶಿವಮೊಗ್ಗಕ್ಕೆ ಅಜ್ಜಿಯ ಮನೆಗೆ ಹೋಗಿದ್ದಳು. ಶುಭ ಶುಕ್ರವಾರದ ಉದ್ದನೆಯ ಓದನ್ನು ಪಾದ್ರಿ ಅಯ್ಯನವರು ಅಪ್ಪನಿಗೆ ಒಪ್ಪಿಸಿದ್ದರು. ಒಂದು ಶನಿವಾರ ಮಧ್ಯಾಹ್ನ ಅಪ್ಪ ಚಿಲಕ ಹಾಕಿ, ಸತ್ಯವೇದವನ್ನು ತಂದು ನನ್ನ ತೊಡೆಯ ಮೇಲಿಟ್ಟರು. ನೀವೇ ಓದಿ ಅಂದೆ. ಅವರು ಕಿಟಕಿಯ ಕಡೆ ನೋಡಿದರು.

"ನಂಗೆ ಅಕ್ಷರ ಬರಲ್ಲ ಪಾಪು. ನಿಮ್ಮಮ್ಮ ಓದ್ತಾಳೆ, ನಾನು ಬಾಯಿಪಾಠ ಮಾಡ್ಕೋತೀನಿ. ಇದು ನಮ್ಮ ಮೂರು ಜನಕ್ಕೇ ಗೊತ್ತಿರ್ಲಿ."

ಮೂರು ಶನಿವಾರ ಓದಿ ಹೇಳಿದೆ. ನಡುನಡುವೆ ಹುರಿದ ಕಡಲೆಕಾಯಿ ಸುಲಿದು ತಿನ್ನುತ್ತಿದ್ದೆವು. ಅಪ್ಪ ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದರು. ಆದರೆ ಯೇಸುವನ್ನು ಅರಿಯೆನೆಂದ ಪೇತ್ರನು ಕೋಳಿ ಕೂಗುವುದನ್ನು ಕೇಳಿ ಅಳುವ ಕಡೆ ಬಂದಾಗ ಪ್ರತಿ ಸಲವೂ ತಪ್ಪುತ್ತಿದ್ದರು. ತುಂಬಿದ ಚರ್ಚಿನಲ್ಲಿ ಅವರು ಹಾಗೆ ನಿಂತುಬಿಟ್ಟರೆ ಏನು ಗತಿ ಎಂದು ನನಗೆ ಭಯ.

ಆಗಲೇ ಸಂಡೇ ಸ್ಕೂಲಿಗೆ ನೀಲಿ ಡಬ್ಬ ಬಂದದ್ದು. ರೂತಮ್ಮ ಟೀಚರ್ ಒಂದು ಬಿಸ್ಕತ್ತಿನ ಡಬ್ಬಕ್ಕೆ ಬಣ್ಣ ಹೊಡೆದು, ಮುಚ್ಚಳದಲ್ಲಿ ಸೀಳು ಮಾಡಿ ತಂದಿದ್ದರು. ಅವರೆಂದರೆ ನನಗೆ ಪ್ರಾಣ. ಮಾತಾಡಿದರೆ ಪೆಪ್ಪರ್‌ಮಿಂಟಿನ ವಾಸನೆ ಬರುತ್ತಿತ್ತು.

"ಅಪ್ಪ ಮನೇಲಿದ್ರೆ ಬಾಗ್ಲು ತಟ್ಟಿ ಒಳಗೆ ಹೋಗ್ತೀರಾ?" ಎಂದು ಕೇಳಿದರು. "ಇಲ್ಲ ಅಲ್ವಾ? ಸೀದಾ ಹೋಗಿ ಕೇಳ್ತೀರಿ. ದೇವ್ರ ಹತ್ರನೂ ಹಂಗೇ ಹೋಗ್ಬೇಕು. ಅಂಜ್ಕೋಬಾರ್ದು."

ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಹಾಕಿರಿ, ಡಬ್ಬವನ್ನು ಯಾರೂ ತೆರೆಯುವುದಿಲ್ಲ, ಈಸ್ಟರ್ ಬೆಳಗಿನ ಜಾವ ಎಲ್ಲವನ್ನೂ ಸುಡುತ್ತೇವೆ ಎಂದರು. ನಾನು ನಂಬಿದೆ. ದೇವರಿಗೆ ಗೊಂದಲವಾಗಬಾರದೆಂದು ಅಪ್ಪನ ಹೆಸರು, ಕ್ವಾರ್ಟರ್ಸಿನ ನಂಬರು ಎಲ್ಲ ಬರೆದೆ. ಕೆಳಗೆ: ಕರ್ತನೇ, ಶುಭ ಶುಕ್ರವಾರದ ಒಳಗೆ ನಮ್ಮಪ್ಪನಿಗೆ ಓದಲು ಕಲಿಸು. ಯಾರಿಗೂ ಗೊತ್ತಾಗಬಾರದು. ಇಂತಿ, ಸುಗುಣ. ಆ ದಿನ ಮನೆಗೆ ಕುಣಿದುಕೊಂಡು ಬಂದೆ. ಕೆಲಸ ಆಯಿತು ಎಂಬಷ್ಟು ಧೈರ್ಯ.

ಪ್ರತಿ ಬುಧವಾರ ಸಂಜೆ ನಮ್ಮ ಸಾಲಿನ ಯಾವುದಾದರೂ ಮನೆಯಲ್ಲಿ ಪ್ರಾರ್ಥನಾ ಕೂಟ. ಶುಭ ಶುಕ್ರವಾರಕ್ಕೆ ಮುಂಚಿನ ವಾರ ಪಕ್ಕದ ಮಾನುವೇಲ್ ಮಾಮನ ಮನೆಯಲ್ಲಿ ಸೇರಿದ್ದೆವು. ಒಳಗಿನಿಂದ ಶುಂಠಿ ಕಾಫಿಯ ಘಮ ಬರುತ್ತಿತ್ತು. ಟೀಚರ್ ಎದ್ದು ನಿಂತು, ಭರವಸೆಯ ಪ್ರಾರ್ಥನೆ ಎಂದರೆ ಏನೆಂದು ಈ ಮಗುವಿನಿಂದ ಕಲಿಯೋಣ ಎನ್ನುತ್ತಾ ಚೀಲದಿಂದ ಒಂದು ಕಾಗದ ತೆಗೆದರು. ಅದರ ಮಡಿಕೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಪೂರ್ತಿ ಓದಿದರು. ಯಾರಿಗೂ ಗೊತ್ತಾಗಬಾರದು ಎಂಬುದನ್ನೂ ಓದಿದರು. ಆ ಸಾಲಿಗೆ ಎಲ್ಲರೂ ನಕ್ಕರು.

"ಏನು ಸಾಮುವೇಲು, ಇಷ್ಟು ವರ್ಷ ಅಯ್ಯನವರಿಗೇ ಟೋಪಿ ಹಾಕಿದ್ಯಲ್ಲ ಮಾರಾಯ" ಎಂದರು ಮಾನುವೇಲ್ ಮಾಮ.

ಅಪ್ಪನೂ ನಕ್ಕರು. ಆಮೇಲೆ ಎಲ್ಲರೂ ಮೊಣಕಾಲೂರಿ ಅಪ್ಪನಿಗೋಸ್ಕರ ಗಟ್ಟಿಯಾಗಿ ಪ್ರಾರ್ಥಿಸಿದರು. ಅವರ ನಡುವೆ ಅಪ್ಪನೂ ಮೊಣಕಾಲೂರಿದ್ದರು. ಅಪ್ಪನ ಕಿವಿಗಳು ಕೆಂಪಾಗಿದ್ದುದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ.

ಗೇಟಿನ ಹತ್ತಿರ ಟೀಚರನ್ನು ಹಿಡಿದು ನಿಲ್ಲಿಸಿದೆ. "ಯಾರೂ ಓದಲ್ಲ ಅಂದಿದ್ರಲ್ಲ ಟೀಚರ್?"

ಅವರು ನನ್ನ ಕೆನ್ನೆ ಸವರಿದರು. "ಒಳ್ಳೇದಕ್ಕೇ ಓದಿದ್ದು ಕಣೇ. ನಿನ್ನಷ್ಟು ನಂಬಿಕೆ ದೊಡ್ಡೋರಿಗೂ ಇಲ್ಲ."

ತಪ್ಪಾಯಿತು ಎಂದು ಅವರಿಗೆ ಅನಿಸಲೇ ಇಲ್ಲ. ಅದೇ ಇಂದಿಗೂ ಚುಚ್ಚುವುದು.

ಅಪ್ಪ ಬೈಯಲಿಲ್ಲ. ಏಳಕ್ಕೆ ಸರಿಯಾಗಿ ಅನ್ನ ಬಡಿಸಿದರು. ಕೈ ತೊಳೆದ ಮೇಲೆ, "ದೇವ್ರಿಗೆ ಹೇಳಿದ್ದಕ್ಕೆ ನಂಗೇನೂ ಬೇಜಾರಿಲ್ಲ ಪಾಪು" ಎಂದರು. ತಟ್ಟೆಗಳನ್ನು ಎತ್ತಿಡುತ್ತಾ, "ಬಾಯಲ್ಲೇ ಹೇಳಿದ್ರೆ ಆಗ್ತಿತ್ತು" ಎಂದರು.

ಶುಭ ಶುಕ್ರವಾರ ಬೇರೊಬ್ಬರು ಓದಿದರು. ಕನ್ನಡಕ ಸರಿಮಾಡಿಕೊಳ್ಳುತ್ತಾ, ಎರಡು ಕಡೆ ತಡವರಿಸುತ್ತಾ ಓದಿದರು. ನಾನೂ ಅಪ್ಪನೂ ಕೊನೆಯ ಬೆಂಚಿನಲ್ಲಿದ್ದೆವು. ಅಪ್ಪನ ತುಟಿಗಳು ಅಲುಗುತ್ತಿದ್ದವು. ಕಿವಿಗೊಟ್ಟು ಕೇಳಿದೆ. ಇಡೀ ಓದನ್ನು ಅವರು ಪಿಸುದನಿಯಲ್ಲಿ ಹೇಳುತ್ತಿದ್ದರು. ಪೇತ್ರನು ಅಳುವ ಕಡೆಯೂ ತಪ್ಪಲಿಲ್ಲ. ಆರಾಧನೆ ಮುಗಿದ ಮೇಲೆ ಎಲ್ಲರೂ ಗಂಜಿ, ಹೆಸರುಕಾಳಿನ ಪಲ್ಯಕ್ಕೆ ಸಾಲು ನಿಂತರು. ನಾವು ಮನೆಗೆ ಬಂದೆವು.

ದೇವರು ನನ್ನ ಮಾತು ಕೇಳಲಿಲ್ಲ ಎಂದು ಹೇಳಲಾರೆ. ನಾನು ನರ್ಸಿಂಗ್ ತರಬೇತಿಗೆ ಸೇರಿದ ದಿನ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಎದುರು ನಿಂತ ಬಸ್ಸಿನ ಬೋರ್ಡನ್ನು ಬೆರಳಿಟ್ಟು ತೋರಿಸಿ, ಹೊ, ಳೆ, ಹೊ, ನ್ನೂ, ರು ಎಂದು ಓದಿ ನನ್ನ ಮುಖ ನೋಡಿದರು. ಆ ಬೇಸಿಗೆ ಹುಟ್ಟಿದ ತಮ್ಮನ ಒಂದನೇ ಕ್ಲಾಸಿನ ಪುಸ್ತಕದಲ್ಲಿ ಕಲಿತರಂತೆ. ಚರ್ಚಿನಲ್ಲಿ ಮಾತ್ರ ಅದನ್ನು ಯಾರಿಗೂ ಹೇಳಲಿಲ್ಲ. ಮತ್ತೆ ಓದುವ ಜಾಗದಲ್ಲಿ ನಿಲ್ಲಲೂ ಇಲ್ಲ.

ಈಗ ಅಪ್ಪನಿಲ್ಲ, ಟೀಚರೂ ಇಲ್ಲ. ನಾನು ಇಂದಿಗೂ ಬೆಳಿಗ್ಗೆ ಐದಕ್ಕೆ ಎದ್ದು ಪ್ರಾರ್ಥಿಸುತ್ತೇನೆ. ಸಭೆಗಾಗಿ, ಕಾಯಿಲೆಯವರಿಗಾಗಿ, ದೇಶಕ್ಕಾಗಿ ಕ್ರಮವಾಗಿ ಕೇಳುತ್ತೇನೆ. ನನ್ನ ಸ್ವಂತದ್ದು ಬಂದಾಗ ನಾಲಿಗೆ ಏಳುವುದಿಲ್ಲ. ಮಗಳು ಆಪರೇಷನ್ ಥಿಯೇಟರಿನಲ್ಲಿದ್ದ ದಿನವೂ ಬಾಯಿಪಾಠದ ಪ್ರಾರ್ಥನೆಯನ್ನೇ ಹೇಳಿದೆ.

ನಮ್ಮ ಚರ್ಚಿನಲ್ಲಿ ಈಗಲೂ ಪ್ರಾರ್ಥನಾ ಪೆಟ್ಟಿಗೆ ಇದೆ. ನಾನು ಕಟ್ಟುನಿಟ್ಟಿನವಳೆಂದು ಬೀಗದಕೈಯನ್ನು ನನಗೆ ಕೊಟ್ಟಿದ್ದಾರೆ. ಪ್ರತಿ ಈಸ್ಟರ್ ಬೆಳಗಿನ ಜಾವ ಅಂಗಳದಲ್ಲಿ ಚೀಟಿಗಳನ್ನು ಸುರಿದು ಬೆಂಕಿ ಹಚ್ಚಿ, ಕೊನೆಯದು ಬೂದಿಯಾಗುವವರೆಗೆ ಅಲ್ಲೇ ನಿಲ್ಲುತ್ತೇನೆ. ಇಷ್ಟು ವರ್ಷದಲ್ಲಿ ಒಂದನ್ನೂ ಬಿಡಿಸಿ ನೋಡಿಲ್ಲ. ನನ್ನದೆಂದು ಒಂದನ್ನೂ ಹಾಕಿಲ್ಲ.