ದೊರೆಸಾನಿಯ ಓಣಿ

ನಿನ್ನೆ ಈಳಿಗೆಮಣೆ ನನ್ನ ಬೆರಳಿನ ರುಚಿ ನೋಡಿತು. ಪಕ್ಕದ ಮನೆಯ ಹೊಸ ಸೊಸೆ ಓಡಿ ಬಂದು ಟಿಂಚರ್ ಹಚ್ಚಿದಳು. ಸಿರಾದ ಹುಡುಗಿ, ಮಧುಗಿರಿಗೆ ಬಂದು ಎಂಟು ದಿನ. "ಯಾವ್ದೋ ಊರು, ಯಾರ್ದೋ ಮನೆ ಅನ್ಸುತ್ತೆ ಅಜ್ಜಿ," ಎಂದಳು. ಟಿಂಚರಿನ ಉರಿಗೋ, ಅವಳ ಮಾತಿಗೋ, ನನ್ನ ಕಣ್ಣು ತುಂಬಿತು. ಆ ವಾಸನೆ ನನ್ನನ್ನು ಮಹಾರಾಜರ ಕಾಲಕ್ಕೆ ಎಳೆದುಕೊಂಡು ಹೋಯಿತು. ನೀವೂ ಜೊತೆಗೆ ಬನ್ನಿ.

ನಾನು ಕೊರಟಗೆರೆಯಿಂದ ಈ ಓಣಿಗೆ ಸೊಸೆಯಾಗಿ ಬಂದಾಗ ಎದುರು ಮನೆಯಲ್ಲಿ ಜರ್ಮನಿಯ ನರ್ಸೊಬ್ಬರಿದ್ದರು. ಊರಿಗೆಲ್ಲ ಅವರು ದೊರೆಸಾನಿ. ಹೆರಿಗೆ ಎಂದರೆ ಮಿಡಿಗೇಶಿಯವರೆಗೂ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದರು. ಟಿಂಚರ್ ವಾಸನೆ ಮುಂದೆ, ಅವರು ಹಿಂದೆ. ಕೊರಟಗೆರೆ ಎಷ್ಟು ಮಹಾ ದೂರ ಎಂದು ನಗಬೇಡಿ; ಅಳುವವಳಿಗೆ ಅದೇ ಸಮುದ್ರದಾಚೆ. ನಾನು ಜಗಲಿಯಲ್ಲಿ ಕೂತು ಅಳುತ್ತಿದ್ದರೆ, ನಿಜವಾಗಿ ಸಮುದ್ರ ದಾಟಿ ಬಂದಾಕೆ ಸಮಾಧಾನ ಮಾಡುತ್ತಿದ್ದರು.

"ಬಂದು ಮೂರು ದಿನ ಆಯ್ತು ಅನ್ಬೇಡ ಕಣಮ್ಮ. ಮೂರು ದಿನದಿಂದ ಇದೀನಿ ಅನ್ನು. ನಮ್ಮ ಭಾಷೇಲೂ ಅಂಗೇ," ಎಂದು ಹೇಳಿಕೊಟ್ಟರು: ಇಷ್ ವೋನೆ ಜೈಟ್ ಡ್ರೈ ಟಾಗೆನ್ ಇನ್ ಮಧುಗಿರಿ. ವೋನೆ ಅಂದರೆ ವಾಸವಾಗಿದ್ದೇನೆ. ಜೈಟ್ ಅಂದರೆ ನಮ್ಮ 'ಇಂದ'. ಶುರುವಾದದ್ದು ಇನ್ನೂ ಮುಗಿದಿಲ್ಲ ಎಂದು ಅರ್ಥವಂತೆ. ಕನ್ನಡದ ಕಾಗುಣಿತವೇ ನೆಟ್ಟಗೆ ಬಾರದ ನಾನು ಜರ್ಮನ್ ಪಂಡಿತೆಯಾಗಿ, ರೊಟ್ಟಿ ತಟ್ಟುತ್ತಾ ಅದನ್ನೇ ಜಪಿಸಿದೆ.

ಅತ್ತೆ ಒಲೆ ಊದುವುದನ್ನು ನಿಲ್ಲಿಸಿದರು. "ಓಣಿ ಓಣಿ ಅಂತೀಯಲ್ಲ, ಏನಾಯ್ತೇ ಓಣೀಲಿ?"

ಎಷ್ಟು ಬಿಡಿಸಿ ಹೇಳಿದರೂ ಅವರ ಕಿವಿಗೆ ವೋನೆ ಓಣಿಯೇ. "ವಾಸ ಇರೋದೂ ಓಣೀಲೇ ಅಲ್ವೇನೆ? ಸರಿಯಾಗೇ ಐತೆ ಬುಡು," ಎಂದರು. ನಾನು ನಗುವುದರಲ್ಲಿ ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಆಮೇಲೆ ಯುದ್ಧ ಬಂತು. ಜರ್ಮನಿಯವರೆಲ್ಲ ಶತ್ರುಗಳಂತೆ, ಹಿಡಿದು ದೂರದ ಶಿಬಿರದಲ್ಲಿ ಇಡುತ್ತಾರಂತೆ ಎಂಬ ಸುದ್ದಿಯೂ ಬಂತು. ನಮ್ಮ ದೊರೆಸಾನಿಯನ್ನು ಮಾತ್ರ ಬಿಟ್ಟುಬಿಡಲಿ ಎಂದು ಓಣಿಯ ಹೆಂಗಸರೆಲ್ಲ ಹರಕೆ ಹೊತ್ತೆವು. ಒಂದು ಬೆಳಿಗ್ಗೆ ತುಮಕೂರಿನಿಂದ ಅಧಿಕಾರಿ ಬಂದೇಬಿಟ್ಟರು. ಒಳ್ಳೆಯವರೇ, ಮೆತ್ತಗೆ ಕೇಳಿದರು: "ಎಷ್ಟು ವರ್ಷ ಇದ್ರಿ ಇಲ್ಲಿ?"

ದೊರೆಸಾನಿ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟರು. "ಇದ್ರಿ ಅಲ್ಲ ಸ್ವಾಮಿ. ಹದಿನಾಲ್ಕು ವರ್ಷದಿಂದ ಇದೀನಿ."

ಅಧಿಕಾರಿ ಅದನ್ನು ಬರೆದುಕೊಂಡು, ಹೊರಡಿ ಎಂದು ಸನ್ನೆ ಮಾಡಿದರು. ಗಂಡಸರ ಮುಂದೆ ಎಂದೂ ಬಾಯಿ ಬಿಡದ ನಮ್ಮ ಅತ್ತೆ ಒಲೆಯ ಬೂದಿ ಮೆತ್ತಿದ ಕೈಯಲ್ಲೇ ಬೀದಿಗಿಳಿದರು. "ಅವ್ರು ನಮ್ ಓಣಿಯೋರು ಕಣಪ್ಪ! ಅವ್ರ ಬಾಸೇಲೇ ಅಂಗೈತೆ, ಬೇಕಾದ್ರೆ ಕೇಳು! ಎಲ್ಲಿಗೆ ಕರ್ಕೊಂಡೋಗ್ತೀಯ?"

ಆ ದಿನ ಯಾರೂ ನಗಲಿಲ್ಲ. ದೊರೆಸಾನಿ ಅತ್ತೆಯ ಬೂದಿಗೈ ಹಿಡಿದು, "ಹೂಂ ಕಣಮ್ಮ, ಓಣಿ. ನೀವು ಹೇಳಿದ್ದೇ ಸರಿ," ಎಂದರು. ಅವರನ್ನು ಕೂರಿಸಿಕೊಂಡ ಬಸ್ಸು ಬೆಟ್ಟದ ನೆರಳು ದಾಟಿ ಹೋಯಿತು. ಮತ್ತೆ ಅವರ ಸುದ್ದಿ ಬರಲಿಲ್ಲ. ಅತ್ತೆ ತಾವು ಇರುವಷ್ಟು ದಿನ ಎದುರು ಮನೆ ಬಾಗಿಲಿಗೂ ನೀರು ಹಾಕಿ ರಂಗೋಲಿ ಬಿಟ್ಟರು. ನನಗಂತೂ ಆ ಸಂಕಟ ಇನ್ನೂ ಆರಿಲ್ಲ.

ನಿನ್ನೆ ನನ್ನ ಬಾಯಲ್ಲಿ ಇದನ್ನೆಲ್ಲ ಕೇಳುತ್ತಾ ಸಿರಾದ ಹುಡುಗಿ ನನ್ನ ಬೆರಳಿಗೆ ಬಟ್ಟೆ ಸುತ್ತುವುದನ್ನೇ ಮರೆತಿದ್ದಳು. "ಹಂಗಾದ್ರೆ ಒಟ್ಟು ಹದಿನಾಲ್ಕು ವರ್ಷ ಇದ್ರು ಅನ್ನಿ ಅಜ್ಜಿ ಅವ್ರು ಇಲ್ಲಿ?"

ಹೌದು ಎನ್ನಲು ಬಾಯಿ ತೆರೆದೆ. ನಾಲಿಗೆ ಒಪ್ಪಲಿಲ್ಲ. "ಇದ್ರು ಅನ್ಬೇಡ ಕಣಮ್ಮ," ಎಂದೆ. "ಇದಾರೆ."

ಅವಳು ಎದುರು ಮನೆಯತ್ತ ನೋಡಿದಳು. ಆಮೇಲೆ ಬಟ್ಟೆಯ ಗಂಟು ಬಿಗಿಯುತ್ತಾ ಮೆಲ್ಲಗೆ ಹೇಳಿದಳು: "ನಾನು ಎಂಟು ದಿನದಿಂದ ಇದೀನಿ."